ಆಪತ್ತಿನ ಕಾಲದಲ್ಲಿ ರಾಜ್ಯಪಾಲರ ಅಧಿಕಾರ: ಗಡಿ ತಾಲ್ಲೂಕುಗಳ ಪಾಲಕರು ತಿಳಿದಿರಬೇಕಾದ ಸಂಗತಿಗಳು

ಮುರುಮ: ನಮ್ಮ ಶಾಲೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಬರುವ ಮರಾಠಿ ಸರ್ಕಾರಿ ನಿರ್ಣಯಗಳ ಕೊನೆಯಲ್ಲಿ ‘ಮಹಾರಾಷ್ಟ್ರದ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಅರ್ಥದ ಸಾಲೊಂದು ಇರುತ್ತದೆ. ಅತಿವೃಷ್ಟಿಯ ಪರಿಹಾರದ ನಿರ್ಣಯದಲ್ಲಿಯೂ ಅದೇ ಸಾಲು. ಅದನ್ನು ಓದಿದವರಿಗೆ, ಆಪತ್ತು ಬಂದಾಗ ಎಲ್ಲವನ್ನೂ ರಾಜ್ಯಪಾಲರೇ ನಿರ್ಧರಿಸುತ್ತಾರೆಂದು ತೋರುವುದು ಸಹಜ. ಆದರೆ ಅರ್ಜಿ ತಪ್ಪು ಬಾಗಿಲಿಗೆ ಹೋದರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಹೆಸರು ರಾಜ್ಯಪಾಲರದು, ನಿರ್ಧಾರ ಮಂತ್ರಿಮಂಡಲದ್ದು

ಸಂವಿಧಾನದ 154ನೆಯ ವಿಧಿಯಂತೆ ರಾಜ್ಯದ ಕಾರ್ಯಾಂಗ ಅಧಿಕಾರವು ರಾಜ್ಯಪಾಲರಲ್ಲಿ ನಿಹಿತವಾಗಿದೆ. 166ನೆಯ ವಿಧಿಯಂತೆ ಸರ್ಕಾರದ ಎಲ್ಲ ಆದೇಶಗಳು ಅವರ ಹೆಸರಿನಲ್ಲಿ ಹೊರಡುತ್ತವೆ. ಆದರೆ 163ನೆಯ ವಿಧಿಯು ಅವರಿಗೆ ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲವನ್ನು ವಿಧಿಸಿದೆ. ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ರಾಜ್ಯಪಾಲರು ಆ ಸಲಹೆಯಂತೆಯೇ ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಭೂಕಂಪದ ನೆನಪು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಭಾಗದ ನೆಲ ನಡುಗಿತು. ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಮುಗಿಸಿ ಜನರು ಮಲಗಿದ್ದ ಹೊತ್ತದು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರ ಮೊದಲಾದ ಊರುಗಳು ನೆಲಸಮವಾದವು. ಏಳೂವರೆ ಸಾವಿರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅಂದು ಪಿ. ಸಿ. ಅಲೆಕ್ಸಾಂಡರ್ ರಾಜ್ಯಪಾಲರು, ಶರದ್ ಪವಾರ್ ಮುಖ್ಯಮಂತ್ರಿಗಳು. ರಕ್ಷಣೆ, ಪರಿಹಾರ, ಪುನರ್ವಸತಿಗಳ ಹೊಣೆಯನ್ನು ಮಂತ್ರಿಮಂಡಲ ಮತ್ತು ಜಿಲ್ಲಾಡಳಿತಗಳೇ ಹೊತ್ತವು. ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಲ್ಲಿ 52 ಹಳ್ಳಿಗಳನ್ನು ಹೊಸ ಜಾಗಗಳಿಗೆ ಸ್ಥಳಾಂತರಿಸಲಾಯಿತು. ಆಪತ್ತಿನಲ್ಲಿ ಯಾರ ಹೊಣೆ ಯಾವುದು ಎಂದು ವಿಧಿಸುವ ಸಮಗ್ರ ಕೇಂದ್ರ ಕಾಯ್ದೆಯು ಆಗ ಇರಲಿಲ್ಲ.

2005ರ ಕಾಯ್ದೆ

ವಿಪತ್ತು ನಿರ್ವಹಣಾ ಕಾಯ್ದೆ, 2005 ಈ ಕೊರತೆಯನ್ನು ತುಂಬಿತು. ಇದರಂತೆ ರಾಜ್ಯ ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಗಳೇ ಹೊರತು ರಾಜ್ಯಪಾಲರಲ್ಲ. 25ನೆಯ ಕಲಮಿನಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಸಂಚಾರ ನಿಯಂತ್ರಿಸುವುದು, ಆಶ್ರಯ, ಅನ್ನ, ನೀರು ಒದಗಿಸುವುದು ಮುಂತಾದ ಅಧಿಕಾರಗಳು ಈ ಪ್ರಾಧಿಕಾರಕ್ಕಿವೆ.

ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರಲ್ಲಿ ಗಾಬರಿ ಹುಟ್ಟಿಸುವವರಿಗೆ 54ನೆಯ ಕಲಮಿನಂತೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ನೆಲದೊಳಗಿನ ಸಣ್ಣ ಸದ್ದಿಗೂ ಬೆಚ್ಚುವ ನಮ್ಮ ಭಾಗದಲ್ಲಿ ವಾಟ್ಸಾಪ್ ಸಂದೇಶಗಳನ್ನು ಮುಂದಕ್ಕೆ ಕಳಿಸುವ ಮೊದಲು ಇದನ್ನು ನೆನೆಯುವುದು ಒಳಿತು.

ನಾಗರಿಕ ರಕ್ಷಣೆ

ಯುದ್ಧಕಾಲದ ರಕ್ಷಣೆಗಾಗಿ ಬಂದ ನಾಗರಿಕ ರಕ್ಷಣಾ ಕಾಯ್ದೆ, 1968ರ ವ್ಯಾಪ್ತಿಗೆ 2009ರ ತಿದ್ದುಪಡಿಯು ವಿಪತ್ತು ನಿರ್ವಹಣೆಯನ್ನೂ ಸೇರಿಸಿತು. ಇದರ 4ನೆಯ ಕಲಮಿನಂತೆ ನಾಗರಿಕ ರಕ್ಷಣಾ ದಳವನ್ನು ರಚಿಸುವ, ಅದಕ್ಕೆ ನಿಯಂತ್ರಕರನ್ನು ನೇಮಿಸುವ ಅಧಿಕಾರ ‘ರಾಜ್ಯ ಸರ್ಕಾರ’ದ್ದು. ಸಾಮಾನ್ಯ ಖಂಡಗಳ ಕಾಯ್ದೆಯಂತೆ ‘ರಾಜ್ಯ ಸರ್ಕಾರ’ ಎಂದರೆ ರಾಜ್ಯಪಾಲರು ಎಂದೇ ಅರ್ಥ. ಆದರೂ ಅಕ್ಷರದಲ್ಲಿ ಅವರದಾದ ಈ ಅಧಿಕಾರವು ಆಚರಣೆಯಲ್ಲಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯುತ್ತದೆ.

ರಾಜ್ಯಪಾಲರ ಕೈಯಲ್ಲಿರುವುದೇನು?

ವಿಧಾನಮಂಡಲ ಸೇರಿರದ ಕಾಲದಲ್ಲಿ 213ನೆಯ ವಿಧಿಯಂತೆ ಅವರು ಸುಗ್ರೀವಾಜ್ಞೆ ಹೊರಡಿಸಬಲ್ಲರು. ಅನಿರೀಕ್ಷಿತ ವೆಚ್ಚಕ್ಕೆ ಮುಂಗಡ ಕೊಡಲು 267ನೆಯ ವಿಧಿಯು ರಾಜ್ಯದ ಆಕಸ್ಮಿಕ ನಿಧಿಯನ್ನು ಅವರ ಅಧೀನದಲ್ಲಿಟ್ಟಿದೆ. ಇವೆರಡಕ್ಕೂ ಮಂತ್ರಿಮಂಡಲದ ಸಲಹೆ ಬೇಕು. ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ದಂಗೆಯ ಕಾರಣಕ್ಕೆ 352ನೆಯ ವಿಧಿಯ ತುರ್ತುಪರಿಸ್ಥಿತಿ ಘೋಷಿಸುವವರು ರಾಷ್ಟ್ರಪತಿಗಳು. ಸಂವಿಧಾನಬದ್ಧ ಆಡಳಿತ ಸಾಧ್ಯವಿಲ್ಲವೆಂದು ರಾಷ್ಟ್ರಪತಿಗಳಿಗೆ 356ನೆಯ ವಿಧಿಯಡಿ ವರದಿ ಕಳಿಸುವುದು ಮಾತ್ರ ರಾಜ್ಯಪಾಲರ ಸ್ವಂತ ವಿವೇಚನೆಯ ಕಾರ್ಯ.

ಹಾಗೊಮ್ಮೆ ಮಹಾರಾಷ್ಟ್ರದಲ್ಲಿ 2019ರ ನವೆಂಬರ್ 12ರಿಂದ 23ರವರೆಗೆ ರಾಷ್ಟ್ರಪತಿ ಆಳ್ವಿಕೆ ಇತ್ತು. ಅಕಾಲಿಕ ಮಳೆಗೆ ಮರಾಠವಾಡಾ ಸೇರಿ ರಾಜ್ಯದ ಹಲವೆಡೆ ಬೆಳೆ ಹಾಳಾಗಿದ್ದ ದಿನಗಳವು. ಮಂತ್ರಿಮಂಡಲವಿಲ್ಲದ ಆ ಹೊತ್ತಿನಲ್ಲಿ ರಾಜ್ಯಪಾಲ ಭಗತ್ ಸಿಂಗ್ ಕೋಶ್ಯಾರಿ ಅವರೇ ಪರಿಹಾರ ಘೋಷಿಸಿದರು: ಮುಂಗಾರು ಬೆಳೆಗೆ ಹೆಕ್ಟೇರಿಗೆ 8,000 ರೂಪಾಯಿ, ತೋಟಗಾರಿಕೆ ಹಾಗೂ ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ, ಎರಡೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಭೂಕಂದಾಯ ಮನ್ನಾ ಮತ್ತು ಸಂತ್ರಸ್ತ ರೈತರ ಮಕ್ಕಳಿಗೆ ಪರೀಕ್ಷಾ ಶುಲ್ಕದ ವಿನಾಯಿತಿಯೂ ಅದರಲ್ಲಿ ಸೇರಿದ್ದವು.

ಕನ್ನಡದಲ್ಲಿ ಅರ್ಜಿ ಕೊಡಬಹುದೇ?

ಕೊಡಬಹುದು. ತನ್ನ ಅಹವಾಲಿನ ಪರಿಹಾರಕ್ಕಾಗಿ ಯಾವುದೇ ವ್ಯಕ್ತಿಯು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಲು 350ನೆಯ ವಿಧಿಯು ಹಕ್ಕು ನೀಡಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದು ಹೇಳಿಲ್ಲ. ಆದ್ದರಿಂದ ಮರಾಠಿ ಪ್ರತಿಯೊಂದನ್ನು ಜೊತೆಗಿಡುವುದು ಅನುಕೂಲ. 2005ರ ಕಾಯ್ದೆಯ 61ನೆಯ ಕಲಮು ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಭೇದವನ್ನು ನಿಷೇಧಿಸಿದೆ. ಅಲ್ಲಿ ‘ಭಾಷೆ’ ಎಂಬ ಪದವಿಲ್ಲ. ಮಳೆ, ನೆರೆಗಳ ಮುನ್ಸೂಚನೆ ಮರಾಠಿಯಲ್ಲಿ ಮಾತ್ರ ಬಂದು, ಅದು ಮನೆಯ ಹಿರಿಯರಿಗೆ ಅರ್ಥವಾಗದಿದ್ದರೆ ಆಗುವ ಹಾನಿಯನ್ನು ನಾವು ಬಲ್ಲೆವು. ಮುನ್ನೆಚ್ಚರಿಕೆ ಕನ್ನಡದಲ್ಲಿಯೂ ಪ್ರಕಟವಾಗಲೆಂದು ಶಾಲಾ ವ್ಯವಸ್ಥಾಪನ ಸಮಿತಿಗಳು ಲಿಖಿತವಾಗಿ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಎಲ್ಲಿಗೆ ಹೋಗಬೇಕು?

ಬೆಳೆ ಅಥವಾ ಮನೆ ಹಾನಿಯಾದಲ್ಲಿ ಮೊದಲು ತಲಾಠಿಯವರಿಗೆ ತಿಳಿಸಿ ಪಂಚನಾಮೆ ಮಾಡಿಸಬೇಕು. ಅನಂತರ ತಹಸೀಲ್ದಾರರು, ಆಮೇಲೆ ಜಿಲ್ಲಾಧಿಕಾರಿಗಳು. ಮುರುಮ ಸೇರಿದ ಉಮರ್ಗಾ ತಾಲ್ಲೂಕಿಗೆ ಧಾರಾಶಿವದ ಜಿಲ್ಲಾಧಿಕಾರಿಗಳು, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳಿಗೆ ಲಾತೂರಿನ ಜಿಲ್ಲಾಧಿಕಾರಿಗಳು. ಜಿಲ್ಲಾ ನಿಯಂತ್ರಣ ಕೊಠಡಿಯ ದೂರವಾಣಿ 1077. ತುರ್ತು ನೆರವಿಗೆ 112. ಅರ್ಜಿ ಕೊಟ್ಟಾಗ ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಪಡೆದು ಇಟ್ಟುಕೊಳ್ಳಲು ಮರೆಯಬೇಡಿ.