ಕೊಳದ ನೀರಿಗೆ ಕಾವಲು

ವಾಂತಿಭೇದಿಯ ಸುದ್ದಿ ಬಂದಾಗ ಊರಿನ ಸೇದುವ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಪದ್ಧತಿ ನಮ್ಮ ಹಳ್ಳಿಗರಿಗೆ ಹೊಸದಲ್ಲ. ಅದರಲ್ಲಿರುವ ಕ್ಲೋರಿನ್ನೇ ಇಂದು ಮನೆಯಂಗಳದ ಈಜುಕೊಳವನ್ನೂ ಕಾಯುತ್ತಿದೆ. ಆದರೆ ಬಾವಿಗೂ ಕೊಳಕ್ಕೂ ಒಂದು ವ್ಯತ್ಯಾಸವುಂಟು. ಬಾವಿಯಲ್ಲಿ ಸೇದಿದಷ್ಟೂ ಹೊಸ ನೀರು ಒರತೆಯಿಂದ ಬರುತ್ತದೆ; ಕೊಳದಲ್ಲಿ ಅದೇ ನೀರಿಗೆ ದಿನವೂ ಜನ ಇಳಿಯುತ್ತಾರೆ. ಅಲ್ಲಿ ರೋಗಾಣುಗಳನ್ನು ಒಮ್ಮೆ ಕೊಂದರೆ ಸಾಲದು, ಮುಂದೆ ಬರುವವನ್ನು ಎದುರಿಸಲು ಔಷಧದ ಒಂದಂಶ ನೀರಿನಲ್ಲಿ ಉಳಿದಿರಲೇಬೇಕು. ಯಾವ ಔಷಧವನ್ನು ಆರಿಸಬೇಕೆಂಬ ಪ್ರಶ್ನೆಯ ಇತಿಹಾಸವೆಲ್ಲ ಈ 'ಉಳಿಕೆ'ಯ ಸುತ್ತಲೇ ಇದೆ.

ಕ್ಲೋರಿನನ್ನು 1774ರಲ್ಲಿ ಸ್ವೀಡನ್ನಿನ ಷೀಲೆ ತಯಾರಿಸಿದನು. ಅದೊಂದು ಮೂಲವಸ್ತುವೆಂದು 1810ರಲ್ಲಿ ತೋರಿಸಿ ಹೆಸರಿಟ್ಟವನು ಇಂಗ್ಲೆಂಡಿನ ಹಂಫ್ರಿ ಡೇವಿ. ಈ ನಡುವೆ, 1799ರಲ್ಲಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬಟ್ಟೆಯನ್ನು ಬಿಳುಪು ಮಾಡಲು ಬ್ಲೀಚಿಂಗ್ ಪುಡಿಗೆ ಹಕ್ಕುಪತ್ರ ಪಡೆದಿದ್ದನು. ಅಗಸರ ಈ ಪುಡಿ ಪ್ರಾಣ ಉಳಿಸಬಲ್ಲುದೆಂದು ತೋರಿಸಿದವನು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್. ಅವನ ಹೆರಿಗೆ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸಾಯುತ್ತಿದ್ದರು. 1847ರಲ್ಲಿ ವೈದ್ಯರೆಲ್ಲ ಈ ಪುಡಿಯ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಅವನು ಕಟ್ಟುನಿಟ್ಟು ಮಾಡಿದ ಮೇಲೆ, ಮರುವರ್ಷ ಆ ಸಂಖ್ಯೆ ಒಂದೆರಡಕ್ಕೆ ಇಳಿಯಿತು.

ಇಷ್ಟಾದರೂ ಕುಡಿಯುವ ನೀರಿಗೆ 'ವಿಷ' ಬೆರೆಸಲು ಜನ ಒಪ್ಪುವುದು ಸುಲಭವಿರಲಿಲ್ಲ. ಅಮೆರಿಕದ ಜರ್ಸಿ ಸಿಟಿಯಲ್ಲಿ ನೀರಿನ ಶುದ್ಧತೆಯ ಬಗ್ಗೆ ವ್ಯಾಜ್ಯ ನಡೆಯುತ್ತಿದ್ದಾಗಲೇ ಡಾ. ಜಾನ್ ಲೀಲ್ 1908ರ ಸೆಪ್ಟೆಂಬರಿನಲ್ಲಿ ನಗರದ ನೀರಿಗೆ ಕ್ಲೋರಿನ್ ಸೇರಿಸತೊಡಗಿದರು. ಪ್ರಮಾಣ ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗಕ್ಕಿಂತಲೂ ಕಡಿಮೆ. ದೀರ್ಘ ವಿಚಾರಣೆಯ ಬಳಿಕ 1910ರಲ್ಲಿ ಈ ವಿಧಾನ ಸುರಕ್ಷಿತವೆಂಬ ತೀರ್ಮಾನ ಬಂದಿತು.

ಆಗಿನ ಈಜುಕೊಳಗಳ ಸ್ಥಿತಿ ಬೇರೆಯೇ. ಕೊಳ ತುಂಬಿಸುವುದು, ನೀರು ಕೊಳೆಯಾದ ಮೇಲೆ ಖಾಲಿ ಮಾಡುವುದು, ಇದೇ ರೂಢಿ. 1906ರಲ್ಲಿ ತೆರೆದ ಮ್ಯಾಂಚೆಸ್ಟರಿನ ವಿಕ್ಟೋರಿಯಾ ಸ್ನಾನಗೃಹದಲ್ಲಿ ಹೊಸ ನೀರು ಮೊದಲ ದರ್ಜೆಯ ಗಂಡಸರಿಗೆ, ಬಳಸಿದ ನೀರು ಎರಡನೆಯ ದರ್ಜೆಯವರಿಗೆ, ಕೊನೆಗೆ ಹೆಂಗಸರಿಗೆ! ಕ್ಲೋರಿನ್ ಈ ಅಂತಸ್ತನ್ನು ಅನಗತ್ಯಗೊಳಿಸಿತು. 1910ರ ಸುಮಾರಿಗೆ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಕೊಳದಲ್ಲಿ ಬಂಕರ್ ಎಂಬ ಸಂಶೋಧಕರು ಇದನ್ನು ಪ್ರಯೋಗಿಸಿ ನೋಡಿದರು.

ಆದರೆ ಕ್ಲೋರಿನ್ನಿಗೂ ಶತ್ರುಗಳುಂಟು. ಬಯಲು ಕೊಳದಲ್ಲಿ ಬಿಸಿಲು ಅದನ್ನು ಕೆಲವೇ ಗಂಟೆಗಳಲ್ಲಿ ಕಳೆದುಬಿಡುತ್ತದೆ. ಸಯನ್ಯೂರಿಕ್ ಆಮ್ಲ ಅದಕ್ಕೆ ಕೊಡೆ ಹಿಡಿದಂತೆ. ಆದರೆ ಆ ಆಮ್ಲ ಹೆಚ್ಚಿದಷ್ಟೂ ಕ್ಲೋರಿನ್ನಿನ ಕೆಲಸ ನಿಧಾನವಾಗುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಶಾಖ, ಗುಳ್ಳೆ, ಬೆವರು ಸೇರಿ ಕ್ಲೋರಿನ್ ಬೇಗ ಮುಗಿಯುತ್ತದೆ. ಆದ್ದರಿಂದ ಅಲ್ಲಿ ಅನೇಕರು, ಫ್ರಾನ್ಸಿನ ಬಲಾರ್ 1826ರಲ್ಲಿ ಪ್ರಕಟಿಸಿದ ಬ್ರೋಮಿನನ್ನು ಬಳಸುತ್ತಾರೆ. ಬೆವರಿನೊಡನೆ ಬೆರೆತ ಮೇಲೂ ಬ್ರೋಮಿನ್ ರೋಗಾಣುಗಳನ್ನು ಕೊಲ್ಲಬಲ್ಲುದು. ಬಿಸಿಲಿನಲ್ಲಿ ಮಾತ್ರ ಅದಕ್ಕೆ ರಕ್ಷಣೆಯಿಲ್ಲ. ಓಜೋನ್ ಮತ್ತು ಅತಿನೇರಳೆ ಕಿರಣಗಳು ಪ್ರಬಲವಾದರೂ ಉಳಿಕೆಯನ್ನು ಬಿಡುವುದಿಲ್ಲ. ಅವು ಸಹಾಯಕರೇ ಹೊರತು ಕಾವಲುಗಾರರಲ್ಲ. 'ಉಪ್ಪಿನ ಕೊಳ'ವೆಂಬುದೂ ಉಪ್ಪಿನಿಂದ ಕ್ಲೋರಿನನ್ನೇ ತಯಾರಿಸುವ ಏರ್ಪಾಡು.

ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ 1999ರ ನೆದರ್‌ಲೆಂಡ್ಸಿನ ಬೋವೆನ್‌ಕಾರ್‌ಸ್ಪೆಲ್ ಪುಷ್ಪಪ್ರದರ್ಶನ ಸಾಕ್ಷಿ. ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ, ಸರಿಯಾಗಿ ಶುದ್ಧಗೊಳಿಸದ ಬಿಸಿನೀರಿನ ತೊಟ್ಟಿಯ ತುಂತುರಿನಲ್ಲಿ ಲೀಜನೆಲ್ಲ ಎಂಬ ರೋಗಾಣು ಹರಡಿತು. ನೀರಿಗೆ ಇಳಿಯದೆ ಬರಿದೆ ಹಾದುಹೋದವರಿಗೂ ನ್ಯುಮೋನಿಯಾ ತಗುಲಿ, 30ಕ್ಕೂ ಹೆಚ್ಚು ಮಂದಿ ಸತ್ತರು.

ಹಾಗಾದರೆ ಆಯ್ಕೆ ಹೇಗೆ? ಬಿಸಿಲಿನ ಕೊಳಕ್ಕೆ ಕ್ಲೋರಿನ್, ಮುಚ್ಚಿದ ಬಿಸಿನೀರಿನ ತೊಟ್ಟಿಗೆ ಕ್ಲೋರಿನ್ ಅಥವಾ ಬ್ರೋಮಿನ್ ಸೂಕ್ತ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಹತ್ತು ಲಕ್ಷ ಭಾಗ ನೀರಿನಲ್ಲಿ ಕ್ಲೋರಿನ್ ಕೊಳಕ್ಕೆ ಕನಿಷ್ಠ 1 ಭಾಗ, ಸಯನ್ಯೂರಿಕ್ ಆಮ್ಲವಿದ್ದರೆ 2, ಬಿಸಿತೊಟ್ಟಿಗೆ 3. ಬ್ರೋಮಿನ್ ಕೊಳಕ್ಕೆ 3, ಬಿಸಿತೊಟ್ಟಿಗೆ 4 ಇರಬೇಕು. ಬಿಸಿತೊಟ್ಟಿಗೆ ಸಯನ್ಯೂರಿಕ್ ಆಮ್ಲ ಬೇಡ. ನೀರಿನ ಪಿ.ಎಚ್. 7.0ರಿಂದ 7.8ರೊಳಗಿರಲಿ, ಅದು ಏರಿದರೆ ಕ್ಲೋರಿನ್ ಇದ್ದೂ ನಿಷ್ಫಲ. ಎರಡು ಬಗೆಯ ಪುಡಿಗಳನ್ನಾಗಲಿ, ಪುಡಿ ಮತ್ತು ಆಮ್ಲವನ್ನಾಗಲಿ ಎಂದಿಗೂ ಬೆರೆಸಬಾರದು. ವಿಷಾನಿಲ ಏಳುತ್ತದೆ, ಸ್ಫೋಟವೂ ಆಗಬಹುದು.

ಎರಡು ಶತಮಾನಗಳ ಈ ಕಥೆಯಲ್ಲಿ ಜನರನ್ನು ಉಳಿಸಿದ್ದು ಔಷಧದ ಹೆಸರಲ್ಲ, ಅದನ್ನು ಬಿಡದೆ ಅಳೆದು ನೋಡಿದ ಶಿಸ್ತು. ಅಂಗಡಿಯಲ್ಲಿ ಡಬ್ಬಿಯೊಡನೆ ನೀರು ಪರೀಕ್ಷಿಸುವ ಪಟ್ಟಿಯನ್ನೂ ಕೊಳ್ಳುವುದು ಜಾಣತನ.