ಸ್ಫಟಿಕದ ದೋಷ: ಒಂದು ಹಳೆಯ ಪ್ರಶ್ನೆಗೆ ಉತ್ತರ



ಓಮನ ನಿಯಮದ ಪಾಠ ನಡೆದಾಗ ಪ್ರತಿವರ್ಷವೂ ಒಬ್ಬನಾದರೂ ಎದ್ದು, "ಸಾರ್, ತಂತಿಯಲ್ಲಿ ಎಲೆಕ್ಟ್ರಾನನ್ನು ತಡೆಯುವುದು ಏನು?" ಎಂದು ಕೇಳುತ್ತಿದ್ದ. "ಪರಮಾಣುಗಳು" ಎಂದು ಹೇಳಿ ನಾನು ಮುಂದೆ ಸಾಗುತ್ತಿದ್ದೆ. ಆ ಉತ್ತರ ಅರ್ಧ ಮಾತ್ರ ಸರಿ. ನಿವೃತ್ತಿಯ ನಂತರ ಓದಿ ತಿಳಿದುದನ್ನು ಇಲ್ಲಿ ಬರೆದು ಆ ಸಾಲವನ್ನು ತೀರಿಸುತ್ತಿದ್ದೇನೆ.

ಪರಮಾಣುಗಳು ಸಮಾನ ಅಂತರದಲ್ಲಿ ಕ್ರಮವಾಗಿ ನಿಂತಿದ್ದರೆ, ಅಲೆಯ ಸ್ವಭಾವವುಳ್ಳ ಎಲೆಕ್ಟ್ರಾನು ನಿರಾತಂಕವಾಗಿ ಹಾದುಹೋಗುತ್ತದೆ. ತಡೆಯುವುದು ಕ್ರಮಭಂಗ. ಶಾಖದಿಂದ ಪರಮಾಣುಗಳು ಕಂಪಿಸುವುದು ಅದರ ಒಂದು ಬಗೆ. ಬೇರೆ ಧಾತುವಿನ ಬೆರಕೆ, ಖಾಲಿ ಸ್ಥಾನ, ಮುರಿದ ಸಾಲು ಇವು ಇನ್ನೊಂದು ಬಗೆ. 1860ರ ದಶಕದಲ್ಲಿ ಮ್ಯಾಥೀಸನ್ ಅವರು ಈ ಎರಡು ಬಗೆಯ ರೋಧಗಳು ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ ಎಂಬ ನಿಯಮವನ್ನು ಕೊಟ್ಟರು. ಲೋಹವನ್ನು ತಣಿಸಿದಾಗ ಕಂಪನ ಅಡಗುತ್ತದೆ; ದೋಷದಿಂದಾದ ರೋಧ ಉಳಿಯುತ್ತದೆ.

ಈ ಸತ್ಯವನ್ನು ಬಹಳ ಚೆನ್ನಾಗಿ ಅರಿತಿದ್ದವರು ರಷ್ಯದ ಲೆವ್ ಶುಬ್ನಿಕೋವ್. 1901ರಲ್ಲಿ ಜನಿಸಿದ ಅವರು ಲೋಹದ ಏಕಸ್ಫಟಿಕಗಳನ್ನು ಬೆಳೆಸುವುದರಲ್ಲಿ ನಿಪುಣರು. 1926ರಲ್ಲಿ ಹಾಲೆಂಡಿನ ಲೈಡನ್‌ಗೆ ಹೋದರು. ಅಲ್ಲಿ ಬಿಸ್ಮತ್ ಎಂಬ ಅರೆಲೋಹವನ್ನು ಬಹು ಶ್ರಮದಿಂದ ಶುದ್ಧೀಕರಿಸಿ ಸ್ಫಟಿಕ ಮಾಡಿದರು. 1930ರಲ್ಲಿ ಡಿ ಹಾಸ್ ಅವರೊಂದಿಗೆ ಅದನ್ನು ಅತಿಶೀತದಲ್ಲಿ ಅಳೆದಾಗ, ಕಾಂತಕ್ಷೇತ್ರ ಏರಿದಂತೆ ರೋಧವು ಅಲೆಅಲೆಯಾಗಿ ಏರಿಳಿಯಿತು! ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ವೃತ್ತಾಕಾರವಾಗಿ ತಿರುಗಬೇಕು. ದೋಷಯುಕ್ತ ಸ್ಫಟಿಕದಲ್ಲಿ ಸುತ್ತು ಮುಗಿಯುವ ಮೊದಲೇ ಎಡವಿ ಚದುರುತ್ತದೆ. ಆಗ ಈ ಅಲೆ ಕಾಣಿಸುವುದೇ ಇಲ್ಲ.

ಅದೇ ವರ್ಷ ಅವರು ಸ್ವದೇಶಕ್ಕೆ ಮರಳಿ, ಖಾರ್ಕೋವ್‌ನಲ್ಲಿ ಶೀತಪ್ರಯೋಗಾಲಯವನ್ನು ಮುನ್ನಡೆಸಿದರು. 1937ರ ಆಗಸ್ಟ್‌ನಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಬಂಧಿಸಿತು; ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದಿತು. ವಯಸ್ಸು ಕೇವಲ 36. ನಿರಪರಾಧಿ ಎಂದು ಘೋಷಿಸಲು ಇಪ್ಪತ್ತು ವರ್ಷ ಬೇಕಾಯಿತು.

ಆದರೆ ಅವರ ಅಲೆ ಇಂದಿಗೂ ಜೀವಂತ. 1929ರಲ್ಲಿ ಹರ್ಮನ್ ವೈಲ್ ಕಾಗದದ ಮೇಲೆ ಬರೆದ ದ್ರವ್ಯರಾಶಿಯಿಲ್ಲದ ಕಣದಂತೆ ಎಲೆಕ್ಟ್ರಾನು ವರ್ತಿಸುವುದನ್ನು 2015ರಲ್ಲಿ ಟಾಂಟಲಂ ಆರ್ಸೆನೈಡ್ ಸ್ಫಟಿಕದಲ್ಲಿ ಕಂಡರು. ಇಂಥವುಗಳಿಗೆ ಟೊಪೊಲಾಜಿಕಲ್ ಅರೆಲೋಹಗಳೆಂದು ಹೆಸರು. ಇವುಗಳಲ್ಲಿ ಎಲೆಕ್ಟ್ರಾನು ನೇರ ಹಿಂದಕ್ಕೆ ಪುಟಿಯುವುದು ಅಪರೂಪ. ಹಾಗೆಂದು ಇವು ದೋಷಗಳನ್ನು ಗೆದ್ದಿವೆ ಎನ್ನಲಾಗದು. ತೆಳುಪದರವಾಗಿ ಬೆಳೆಸುವಾಗ ಅಡಿಯ ಫಲಕದ ಪರಮಾಣು ಅಂತರ ಹೊಂದದಿದ್ದರೆ ಸಾಲುಗಳು ಮುರಿಯುತ್ತವೆ. ಪದರ ತೆಳುವಾದಷ್ಟೂ ಮೇಲ್ಮೈ ಎಲೆಕ್ಟ್ರಾನಿಗೆ ಹತ್ತಿರವಾಗುತ್ತದೆ. ಖಾಲಿ ಸ್ಥಾನಗಳು ಹೆಚ್ಚುವರಿ ಎಲೆಕ್ಟ್ರಾನುಗಳನ್ನು ಸೇರಿಸಿದರೆ ವಿಶೇಷ ವರ್ತನೆ ಮರೆಯಾಗುತ್ತದೆ. ಪದರ ಎಷ್ಟು ಶುದ್ಧವೆಂದು ತಿಳಿಯಲು ಸಂಶೋಧಕರು ಇಂದೂ ಹುಡುಕುವುದು ಶುಬ್ನಿಕೋವ್–ಡಿ ಹಾಸ್ ಅಲೆಗಳನ್ನೇ.

ಅಂದು ಪ್ರಶ್ನೆ ಕೇಳಿದವರು ಇದನ್ನು ಓದುತ್ತಿದ್ದರೆ, ತಡವಾದ ಈ ಉತ್ತರವನ್ನು ಸ್ವೀಕರಿಸಿರಿ. ಜೊತೆಗೆ ಆ ಹೆಸರನ್ನೂ ನೆನಪಿಟ್ಟುಕೊಳ್ಳಿರಿ.