ಹಗ್ಗದ ಕಾಲದಿಂದ ಮಂಪರಿನ ಕಾಲಕ್ಕೆ: ನಾಯಿಯ ಸೊಂಟದ ಎಕ್ಸ್-ರೇ



ಕಳೆದ ವಾರ ಚಾಮರಾಜನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮನೆಯ ಲ್ಯಾಬ್ರಡಾರ್ ನಾಯಿಗೆ ಈಗ 14 ತಿಂಗಳು. ಮಲಗಿದ್ದು ಏಳುವಾಗ ಹಿಂಗಾಲು ಎಳೆಯುತ್ತದೆಯಂತೆ. ಓಡುವಾಗ ಎರಡೂ ಹಿಂಗಾಲುಗಳನ್ನು ಜೋಡಿಸಿಕೊಂಡು ಮೊಲದಂತೆ ಕುಪ್ಪಳಿಸುತ್ತದೆಯಂತೆ. ಪಶುವೈದ್ಯರು ಸೊಂಟದ ಎಕ್ಸ್-ರೇ ಆಗಬೇಕೆಂದೂ ಅದಕ್ಕೆ ಮಂಪರಿನ ಇಂಜೆಕ್ಷನ್ ಕೊಡಬೇಕೆಂದೂ ಹೇಳಿದ್ದಾರೆ. ಅವನ ತಾಯಿಗೆ ಅದೇ ಭಯ. "ಮಲಗಿಸಿದ್ದು ಏಳದೇ ಹೋದರೆ ಏನು ಮಾಡ್ತೀಯ?" ಎಂದು ಕಣ್ಣೀರು ಹಾಕಿದರಂತೆ. "ಮೇಷ್ಟ್ರೇ, ನಿಮ್ಮ ಮನೇಲೂ ಅಲ್ಸೇಷನ್ ಇತ್ತಲ್ಲ. ನಾಲ್ಕು ಜನ ಗಟ್ಟಿಯಾಗಿ ಹಿಡ್ಕೊಂಡ್ರೆ ಆಗಲ್ವಾ?" ಎಂದು ಕೇಳಿದ.

ಈ ಪ್ರಶ್ನೆಗೆ ಉತ್ತರ ಕೊಡುವ ಅರ್ಹತೆ ನನಗೆ ಬಂದಿರುವುದು ವಿದ್ವತ್ತಿನಿಂದಲ್ಲ, ಮಾಡಿದ ತಪ್ಪಿನಿಂದ.

2004ರಲ್ಲಿ ನಾನು ಗುಂಡ್ಲುಪೇಟೆಯಲ್ಲಿದ್ದೆ. ನಮ್ಮ ಭೀಮನನ್ನು, ಅಂದರೆ ಓಣಿಯವರೆಲ್ಲ ಅಲ್ಸೇಷನ್ ಎನ್ನುತ್ತಿದ್ದ ಜರ್ಮನ್ ಷೆಫರ್ಡನ್ನು, ನನ್ನ ಶಾಲೆಯ ಮಕ್ಕಳಲ್ಲಿ ಹಲವರು ಬಲ್ಲರು. ಅವನಿಗೂ ಇದೇ ಲಕ್ಷಣ ಕಾಣಿಸಿಕೊಂಡಿತು. ಬಾಡಿಗೆ ಜೀಪಿನಲ್ಲಿ ಮೈಸೂರಿಗೆ ಕರೆದೊಯ್ದೆವು. ವೈದ್ಯರು ಮಂಪರು ಕೊಡೋಣವೆಂದರು. ಬೇಡವೆಂದು ಹಠ ಹಿಡಿದವನು ನಾನೇ. ನಾನು, ನನ್ನ ಭಾವಮೈದುನ, ಜೀಪಿನ ಚಾಲಕ ಮತ್ತು ಅಲ್ಲಿನ ಸಹಾಯಕ ಸೇರಿ ಭೀಮನನ್ನು ಅಂಗಾತ ಮಲಗಿಸಿ ಕಾಲು ಎಳೆದು ಹಿಡಿದೆವು. ಸೀಸದ ಏಪ್ರನ್ ಇದ್ದದ್ದು ಒಂದೇ. ಮೂರು ಚಿತ್ರ ತೆಗೆದರೂ ಒಂದೂ ಸರಿಬರಲಿಲ್ಲ. ಎರಡು ಅಲುಗಿ ಮಸುಕಾಗಿದ್ದವು. ಮೂರನೆಯದರಲ್ಲಿ ಸೊಂಟವೇ ಓರೆಯಾಗಿತ್ತು. ಅಂದಿನಿಂದ ಭೀಮ ತನ್ನ ಹಿಂಗಾಲನ್ನು ಮುಟ್ಟಲು ನನಗೂ ಬಿಡಲಿಲ್ಲ. ಹತ್ತಿರ ಕೈ ಹೋದರೆ ಗುರ್ ಎನ್ನುತ್ತಿದ್ದ. ನನಗೆ ಎಕ್ಸ್-ರೇಗಿಂತ ಆ ಗುರ್ ಎಂಬ ಸದ್ದೇ ಇಂದಿಗೂ ಸ್ಪಷ್ಟವಾಗಿ ನೆನಪಿದೆ.

ಪ್ರಾಣಿಯನ್ನು ಬಲದಿಂದ ಹಿಡಿದು ನಿಲ್ಲಿಸಬಹುದೆಂಬ ನಂಬಿಕೆ ನಮ್ಮ ಸೀಮೆಗೆ ಹೊಸದಲ್ಲ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ 1874ರಲ್ಲಿ ಚಾಮರಾಜನಗರದ ಸಮೀಪ, ಹೊನ್ನುಹೊಳೆಯ ಬಳಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನು ಹಿಡಿದದ್ದನ್ನು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಸಾಕಾನೆಗಳ ನಡುವೆ ಕಾಡಾನೆಯನ್ನು ಇರುಕಿಸಿ ಹಿಂಗಾಲಿಗೆ ಹಗ್ಗ ಬಿಗಿಯುವುದೇ ಅಂದಿನ ವಿದ್ಯೆ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ಹಗ್ಗದ ಕಾಲವೇ. ಅಷ್ಟರಲ್ಲಿ 1962ರಲ್ಲಿ ಜರ್ಮನಿಯಲ್ಲಿ ತಯಾರಾದ ಜೈಲಜೀನ್ ಎಂಬ ಔಷಧವು ಜಗತ್ತಿನ ಪಶುವೈದ್ಯರ ಪೆಟ್ಟಿಗೆ ಸೇರಿತ್ತು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಮಂಪರು ಮದ್ದಿನಿಂದಲೇ ಜೀವಂತವಾಗಿ ಹಿಡಿದರು. ಆ ಹುಡುಕಾಟದಲ್ಲಿ ದುಡಿದ ಅರಣ್ಯ ಇಲಾಖೆಯ ರಾಣಾ ಕೂಡ ಜರ್ಮನ್ ಷೆಫರ್ಡೇ ಎಂಬುದನ್ನು ಓದಿದಾಗ ನನಗೆ ನಮ್ಮ ಭೀಮ ನೆನಪಾದ.

ಇನ್ನು ಸೊಂಟದ ಕಥೆಗೆ ಬರುತ್ತೇನೆ. ರಾಂಟ್ಜನ್ ಮಹಾಶಯನು ಎಕ್ಸ್-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ನಾಯಿಯ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವ ರೋಗವನ್ನು ಅಮೆರಿಕದ ಬೋಸ್ಟನ್ನಿನ ಪಶುವೈದ್ಯ ಷ್ನೆಲ್ಲೆ ಎಂಬುವರು 1935ರಲ್ಲಿ ಮೊದಲು ವಿವರಿಸಿದರು. ಅದನ್ನೇ ಇಂದು ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಇದು ಬಹುಮಟ್ಟಿಗೆ ವಂಶದಿಂದ ಬರುವ ದೋಷವಾದ್ದರಿಂದ, ಮರಿ ಹಾಕಿಸುವ ಮುನ್ನ ತಂದೆತಾಯಿ ನಾಯಿಗಳ ಸೊಂಟವನ್ನು ಪರೀಕ್ಷಿಸಬೇಕೆಂಬ ಆಲೋಚನೆ ಬೆಳೆಯಿತು. ಅಮೆರಿಕದಲ್ಲಿ 1966ರಲ್ಲಿ ಇದಕ್ಕೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲುಗಳನ್ನು ಸಮಾನಾಂತರವಾಗಿ ಚಾಚಿ, ಮಂಡಿಗಳನ್ನು ಒಳಕ್ಕೆ ತಿರುಗಿಸಿ ತೆಗೆದ ಚಿತ್ರವನ್ನೇ ಅವರು ಕೇಳುತ್ತಾರೆ. ಮಂಪರನ್ನು ಕಡ್ಡಾಯ ಮಾಡಿಲ್ಲ. ಆದರೆ ಕೊಡುವುದು ಒಳ್ಳೆಯದೆನ್ನುತ್ತಾರೆ. ಸೊಂಟ ತುಸು ಓರೆಯಾದರೂ ಒಂದು ಕಡೆಯ ಬಟ್ಟಲು ಆಳವಾಗಿಯೂ ಇನ್ನೊಂದು ಕಡೆಯದು ತೆಳುವಾಗಿಯೂ ಕಾಣುತ್ತದೆ. ಭೀಮನ ಮೂರನೆಯ ಚಿತ್ರದಲ್ಲಿ ಆಗಿದ್ದು ಅದೇ.

ನಿಜವಾದ ತೊಡಕು ಇನ್ನೂ ಒಳಗಿದೆ. ಎಚ್ಚರವಿದ್ದು ಹೆದರಿದ ನಾಯಿ ತನ್ನ ತೊಡೆಯ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ. ಆ ಬಿಗಿತವೇ ಸಡಿಲವಾದ ಗುಂಡನ್ನು ಬಟ್ಟಲಿನೊಳಕ್ಕೆ ಒತ್ತಿ ಹಿಡಿದು, ರೋಗವಿರುವ ಕೀಲನ್ನು ಆರೋಗ್ಯವಂತ ಕೀಲಿನಂತೆ ತೋರಿಸಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ಅವರು 1983ರಲ್ಲಿ ಆರಂಭಿಸಿದ ಕೆಲಸ ಈ ಸಡಿಲತೆಯನ್ನೇ ಅಳೆಯುವಂಥದು. ಅದರಲ್ಲಿ ಆಳವಾದ ಮಂಪರು ಅಥವಾ ಪೂರ್ಣ ಅರಿವಳಿಕೆ ಇಲ್ಲದೆ ಚಿತ್ರ ತೆಗೆಯುವಂತೆಯೇ ಇಲ್ಲ. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಮದ್ದು ಕೊಟ್ಟರೆಂಬುದರ ಮೇಲೂ ರೋಗದ ನಿರ್ಣಯ ವ್ಯತ್ಯಾಸವಾಗುವುದನ್ನು ತೋರಿಸಿದರು. ಅಸಿಪ್ರೊಮಜೀನ್ ಕೊಟ್ಟ ನಾಯಿಗಳಲ್ಲಿ ರೋಗ ಕಂಡದ್ದು, ಮೆಡಿಟೊಮಿಡಿನ್ ಮತ್ತು ಬ್ಯುಟಾರ್ಫನಾಲ್ ಸೇರಿಸಿ ಕೊಟ್ಟವುಗಳಿಗಿಂತ ಕಡಿಮೆ. ಅಂದಮೇಲೆ ಹೆದರಿದ ಪ್ರಾಣಿಯ ಚಿತ್ರವನ್ನು ಎಷ್ಟು ನಂಬಬಹುದು? ಮಂಪರನ್ನು ನಾನು ಕೇವಲ ದಯೆ ಎಂದು ತಿಳಿದಿದ್ದೆ. ಚಿತ್ರದ ಸತ್ಯಕ್ಕೂ ಅದು ಬೇಕೆಂಬುದು ಬಹಳ ತಡವಾಗಿ ತಿಳಿಯಿತು.

ಹಿಡಿದವರ ಮಾತನ್ನೂ ಮರೆಯಬಾರದು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿ ಎಕ್ಸ್-ಕಿರಣದ ಮುಂದೆ ಪದೇ ಪದೇ ಕೈಯೊಡ್ಡಿ, ಕೈಗಳನ್ನೇ ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಒಂದು ದಿನದ ಚಿತ್ರದಿಂದ ನಮಗೆ ಹಾಗಾಗುವುದಿಲ್ಲ, ನಿಜ. ಆದರೆ ದಿನವೂ ಅಲ್ಲೇ ನಿಂತು ಪ್ರಾಣಿಗಳನ್ನು ಹಿಡಿಯುವ ಆ ಸಹಾಯಕನ ಕೈಗಳ ಬಗ್ಗೆ ನಾನು ಅಂದು ಯೋಚಿಸಿರಲಿಲ್ಲ.

ಹಾಗೆಂದು ಆ ತಾಯಿಯ ಭಯ ಹುಸಿಯಲ್ಲ. ಜೈಲಜೀನ್ ಎದೆಬಡಿತವನ್ನು ನಿಧಾನಗೊಳಿಸುತ್ತದೆ, ನಾಯಿಗಳಿಗೆ ವಾಂತಿಯನ್ನೂ ತರಿಸುತ್ತದೆ. ಆದ್ದರಿಂದಲೇ ಹೊಟ್ಟೆ ಖಾಲಿ ಇರಬೇಕೆಂಬ ಕಟ್ಟಳೆ. ತಳಿಯನ್ನೂ ನೋಡಬೇಕು. ಗ್ರೇಹೌಂಡಿನಂಥ ಬಡಕಲು ಮೈಯ ಬೇಟೆನಾಯಿಗಳು ಥಯೋಪೆಂಟಾಲ್ ಎಂಬ ಅರಿವಳಿಕೆಯಿಂದ ಏಳಲು ಬಹಳ ಹೊತ್ತು ಹಿಡಿಯುತ್ತವೆ. ನಮ್ಮ ಮುಧೋಳದ ನಾಯಿಯೂ ಅದೇ ಜಾತಿಯ ಮೈಕಟ್ಟಿನದು. ಹೃದಯದ ತೊಂದರೆಯಿದ್ದರೆ, ವಯಸ್ಸಾಗಿದ್ದರೆ ಲೆಕ್ಕವೇ ಬೇರೆ. ಆದರೆ ಒಂದು ಸಮಾಧಾನವುಂಟು: ಮೆಡಿಟೊಮಿಡಿನ್‌ನಂಥ ಮದ್ದಿಗೆ ಅಟಿಪಮಿಜೋಲ್ ಎಂಬ ಪ್ರತಿಮದ್ದಿದೆ; ಅದನ್ನು ಚುಚ್ಚಿದರೆ ನಾಯಿ ಸ್ವಲ್ಪ ಹೊತ್ತಿನಲ್ಲೇ ಎಚ್ಚರಗೊಳ್ಳುತ್ತದೆ.

ನನ್ನ ವಿದ್ಯಾರ್ಥಿಗೆ ಹೀಗೆ ಹೇಳಿದೆ: "ಮಂಪರು ಬೇಡ ಅನ್ನಬೇಡಪ್ಪ. ಬದಲಿಗೆ ನಾಲ್ಕು ಮಾತು ಕೇಳು. ಮೊದಲು ಎದೆ ಪರೀಕ್ಷೆ ಮಾಡ್ತೀರಾ? ಯಾವ ಮದ್ದು ಕೊಡ್ತೀರಾ? ಅದಕ್ಕೆ ಪ್ರತಿಮದ್ದು ಕೈಲಿದೆಯಾ? ಎಚ್ಚರ ಆಗೋವರೆಗೂ ಯಾರು ಹತ್ತಿರ ಇರ್ತಾರೆ?" ನಾಲ್ಕಕ್ಕೂ ನೇರ ಉತ್ತರ ಬಂದರೆ ಒಪ್ಪಿಕೊ, ತಡವರಿಸಿದರೆ ಇನ್ನೊಬ್ಬ ವೈದ್ಯರನ್ನು ನೋಡು ಎಂದೆ.

ಮೊನ್ನೆ ಮತ್ತೆ ಕರೆ ಬಂತು. ಉತ್ತರಗಳೆಲ್ಲ ಸಿಕ್ಕಿವೆಯಂತೆ, ಬರುವ ಗುರುವಾರಕ್ಕೆ ದಿನ ಗೊತ್ತಾಗಿದೆ. ಅವನ ತಾಯಿಯೂ ಒಪ್ಪಿದ್ದಾರೆ. ನಾಯಿ ಕಣ್ಣು ಬಿಡುವಾಗ ತಾವೇ ಪಕ್ಕದಲ್ಲಿ ಕೂತಿರಬೇಕೆಂಬುದು ಅವರ ಷರತ್ತು. ಹಿಂದಿನ ರಾತ್ರಿಯಿಂದ ಅದಕ್ಕೆ ಊಟ ಹಾಕಬಾರದೆಂಬುದೊಂದೇ ಈಗ ಅವರಿಗೆ ಸಹಿಸಲಾಗದ ಮಾತಾಗಿದೆಯಂತೆ.